ಹಲಸಿನ ಹಣ್ಣಿಗೆ ಹೂಂಗುಟ್ಟಿದವರು

ಪುಟ್ಟೀ, ಗುಂಡಣ್ಣಾ,

ಮೊನ್ನೆ ಊಟಕ್ಕೆ ಕೂತಾಗ ಪುಟ್ಟಿ ಇದ್ದಕ್ಕಿದ್ದಂತೆ ಕೇಳಿದಳು, ಅಜ್ಜಿ, ನೀನು ರೇಡಿಯೋದಲ್ಲಿ ಬಂದಿದ್ದೆಯಂತೆ, ನಿಜವಾ ಎಂದು. ಉಪ್ಪಿನಕಾಯಿ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದವಳು ನಿಮ್ಮ ಊಟ ಮುಗಿಯುವ ತನಕ ಹೊರಗೆ ಬರಲಿಲ್ಲ. ಉಪ್ಪಿನಕಾಯಿ ಅಲ್ಲೇ ತಟ್ಟೆಯ ಪಕ್ಕದಲ್ಲೇ ಇತ್ತು ಎಂದು ಗುಂಡಣ್ಣ ಆಮೇಲೆ ಬಂದು ಹೇಳಿದ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಗ್ಯಾಸ್ ಸಿಲಿಂಡರ್ ತಂದವರು ಹೆಸರು ಕೇಳಿದರೂ ಸೆರಗು ಸರಿಮಾಡಿಕೊಂಡು ನಿಮ್ಮ ಅಮ್ಮನನ್ನು ಕೂಗುವವಳು ನಾನು. ಇಲವಾಲದಿಂದ ಇನ್ನೂ ಒಳಗಿನ ಹಳ್ಳಿಯಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿ, ಪಕ್ಕದ ಹಳ್ಳಿಗೇ ಮದುವೆಯಾಗಿ ಹೋದವಳು. ಪದ್ಯ ಹೇಳು ಎಂದು ಮೇಷ್ಟ್ರು ಎಬ್ಬಿಸಿದರೆ, ಬಾಯಿಪಾಠ ಬರುತ್ತಿದ್ದರೂ ಬಾರದವಳ ಹಾಗೆ ನಿಂತು ಏಟು ತಿನ್ನುತ್ತಿದ್ದೆ. ಏಟಾದರೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು, ಪದ್ಯ ಕೊನೆಯವರೆಗೂ ಹೇಳಬೇಕಾಗಿತ್ತಲ್ಲ. ಬರೆಯುವುದಕ್ಕೆ ಮಾತ್ರ ನನಗೆ ಅಷ್ಟು ನಾಚಿಕೆಯಿಲ್ಲ. ಕಾಗದ ಎದುರಿಗೆ ಕೂತು ನಮ್ಮ ಮುಖ ನೋಡುವುದಿಲ್ಲ. ಅದಕ್ಕೇ ಬಾಯಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಇದು ನಿಜವಾಗಿ ನಿಮ್ಮ ಅಮ್ಮ ಯೂನಿವರ್ಸಿಟಿಯಲ್ಲಿ ಓದಿದ ಕಾಲದ ಕಥೆ. ಪುಟ್ಟಿ ಆಗ ಒಂದನೇ ಕ್ಲಾಸು. ಗುಂಡಣ್ಣ ಇನ್ನೂ ಚೆಡ್ಡಿಯನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದ. ನಿಮ್ಮ ತಾತ ಹೋದ ಮೇಲೆ ನಾನು ಹಳ್ಳಿ ಬಿಟ್ಟು ದಟ್ಟಗಳ್ಳಿಯ ಈ ಮನೆಗೆ ಬಂದು ಸ್ವಲ್ಪ ಕಾಲವಾಗಿತ್ತು. ನಿಮ್ಮ ಅಪ್ಪ ಬೆಳಿಗ್ಗೆ ದೇವರಾಜ ಮೊಹಲ್ಲಾಕ್ಕೆ ಹೋಗಿ ಪೈಪು, ನಲ್ಲಿಗಳ ಅಂಗಡಿ ತೆರೆದರೆ ಕತ್ತಲಾದ ಮೇಲೆ ಬರುವವನು. ಒಂದು ದಿನ ನಿಮ್ಮ ಅಮ್ಮ ನನಗೆ ಕಾಫಿ ಕೊಟ್ಟು, ನಾನು ಒಂದು ಗುಟುಕು ಕುಡಿಯುವವರೆಗೆ ಕಾದು, ತಾನು ಯೂನಿವರ್ಸಿಟಿಗೆ ಸೇರುತ್ತಿರುವುದಾಗಿ ಹೇಳಿದಳು. ಏನು ಓದುತ್ತೀಯ ಎಂದು ಕೇಳಿದೆ. ಪತ್ರಿಕೆ ನಡೆಸುವುದು, ರೇಡಿಯೋ ಟೀವಿ ಪ್ರಸಾರ, ಜಾಹೀರಾತು, ಸಾರ್ವಜನಿಕ ಸಂಪರ್ಕ, ಎಲ್ಲ ಸೇರಿ ಎರಡು ವರ್ಷದ ಎಂ.ಎ. ಎಂದಳು. ನಾನು ಒಳ್ಳೆಯದು ಎಂದೆ. ಆದರೆ ಒಳಗೊಳಗೇ ಯೋಚನೆ. ಪೇಪರು ದಿನಾ ಬಾಗಿಲಿಗೆ ಬಂದು ಬೀಳುತ್ತದೆ, ರೇಡಿಯೋ ಕಿವಿ ತಿರುಪಿದರೆ ಹಾಡುತ್ತದೆ, ಜಾಹೀರಾತಂತೂ ಬೇಡವೆಂದರೂ ಬರುತ್ತದೆ. ಇದಕ್ಕೆಲ್ಲ ಓದಬೇಕೇ?

ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು ಬಾಯಿಬಿಟ್ಟೇ ಹೇಳಿದರು. "ಏನ್ ಕಣಮ್ಮ, ನಿಮ್ ಸೊಸೆ ಪೇಪರ್ ಓದೋದು ಕಲಿಯಕ್ಕೆ ಯೂನಿವರ್ಸಿಟಿಗೆ ಹೋಗ್ತಾಳಂತೆ? ನಮ್ ಯಜಮಾನ್ರು ನಿಮ್ಮನೆ ಪೇಪರ್‌ನೇ ಬಿಟ್ಟಿಯಾಗಿ ಓದ್ತಾರಲ್ರೀ, ಅವ್ರನ್ನ ಕೇಳಿದ್ರೆ ಕಲಿಸ್ತಿರ್ಲಿಲ್ವಾ?" ನಾನು ಒಣಗದ ಬಟ್ಟೆಯನ್ನೇ ತೆಗೆದುಕೊಂಡು ಒಳಗೆ ಬಂದೆ.

ಓದು ಶುರುವಾದ ಮೇಲೆ ಗೊತ್ತಾಯಿತು, ಬೇರೆ ಓದಿನ ಹಾಗೆ ಇದು ಪುಸ್ತಕದೊಳಗೆ ಮುಚ್ಚಿಕೊಂಡಿರುವುದಿಲ್ಲ, ಮನೆಯೆಲ್ಲ ಹರಡಿಕೊಳ್ಳುತ್ತದೆ. ಮೊದಲು ಬಂದದ್ದು ಸುದ್ದಿ ಬರೆಯುವ ಪಾಠ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಎಲ್ಲವೂ ಸುದ್ದಿಯ ಆರಂಭದಲ್ಲೇ ಬಂದುಬಿಡಬೇಕಂತೆ. ಅದನ್ನು ರೂಢಿ ಮಾಡಿಕೊಳ್ಳಲು ನಿಮ್ಮ ಅಮ್ಮ ಮನೆಯಲ್ಲಿ ನಡೆದದ್ದನ್ನೆಲ್ಲ ಸುದ್ದಿ ಮಾಡುತ್ತಿದ್ದಳು. ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಯಿತು. ಬಟ್ಟೆ ತಂದು ಒರೆಸುತ್ತಲೇ ಅವಳು, "ಇಂದು ಬೆಳಿಗ್ಗೆ ದಟ್ಟಗಳ್ಳಿಯ ಮನೆಯೊಂದರಲ್ಲಿ ಹಾಲು ಉಕ್ಕಿದ್ದು, ಅತ್ತೆಯವರು ತುಳಸಿಗೆ ನೀರು ಹಾಕಲು ಹೋಗಿದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ" ಎಂದಳು. ನನಗೆ ನಗು ಬಂತು. ನಗು ಬಾರದೆ ಹೋದದ್ದು ಅದನ್ನು ಪುಟ್ಟಿ ಕಲಿತಾಗ. ಗೇಟಿನ ಹತ್ತಿರ ನಿಂತು, ಹೋಗಿ ಬರುವವರಿಗೆಲ್ಲ ಕೇಳುವ ಹಾಗೆ, ಅಜ್ಜಿ ಇವತ್ತು ಸಾರಿಗೆ ಉಪ್ಪು ಹಾಕಿಲ್ಲವೆಂದು ಬಲ್ಲ ಮೂಲಗಳು ತಿಳಿಸಿವೆ ಎಂದು ಕೂಗಿದಳು. ಬಲ್ಲ ಮೂಲ ಯಾರೆಂದರೆ ಗುಂಡಣ್ಣ. ಅವನಿನ್ನೂ ಉಪ್ಪಿಗೆ ಪುಪ್ಪು ಎನ್ನುತ್ತಿದ್ದ.

ಆಮೇಲೆ ಜಾಹೀರಾತು. ನಾನು ಹಾಕಿದ ಹೇರಳೆಕಾಯಿ ಉಪ್ಪಿನಕಾಯಿಗೆ ಒಂದು ಜಾಹೀರಾತು ಮಾಡುತ್ತೇನೆ, ಜಾಡಿ ಹಿಡಿದುಕೊಂಡು ನಗುತ್ತಾ ನಿಂತುಕೊಳ್ಳಿ ಅತ್ತೆ ಎಂದಳು. ಫೋಟೋ ಎಂದರೆ ನನಗೆ ಜ್ವರ ಬರುತ್ತದೆ. ಕೊನೆಗೆ ಬಾಗಿಲ ಹಿಂದೆ ನಿಂತು, ಜಾಡಿ ಹಿಡಿದ ಕೈಯನ್ನು ಮಾತ್ರ ಹೊರಗೆ ಚಾಚಿದೆ. ಅವಳು ಅದರ ಫೋಟೋವನ್ನೇ ತೆಗೆದು ಕೆಳಗೆ, "ಈ ಕೈ ಯಾರದೆಂದು ಕೇಳಬೇಡಿ, ರುಚಿ ನೋಡಿ" ಎಂದು ಬರೆದಳು. ಕುತೂಹಲ ಹುಟ್ಟಿಸುವ ತಂತ್ರ ಎಂದು ಅವರ ಕ್ಲಾಸಿನಲ್ಲಿ ಬಹಳ ಹೊಗಳಿದರಂತೆ. ಹೊಗಳಿಕೆ ನನಗೂ ಸ್ವಲ್ಪ ಸಲ್ಲಬೇಕಾಗಿತ್ತು. ಜಾಡಿ ಮಾತ್ರ ಕ್ಲಾಸಿನಿಂದ ಖಾಲಿಯಾಗಿ ಬಂತು.

ಸಾರ್ವಜನಿಕ ಸಂಪರ್ಕದ ಪಾಠಕ್ಕೆ ಪಕ್ಕದ ಮನೆಯಾಕೆಯೇ ಸಿಕ್ಕಿದರು. ಅವರ ನುಗ್ಗೆಮರದಿಂದ ನಮ್ಮ ಸಂಡಿಗೆಯ ಮೇಲೆ ಕಂಬಳಿಹುಳ ಬೀಳುತ್ತಿತ್ತು. ಅವರು ಕೊಂಬೆ ಕಡಿಸುತ್ತಿರಲಿಲ್ಲ. ನಾನು ಕೇಳುತ್ತಿರಲಿಲ್ಲ. ನಿಮ್ಮ ಅಮ್ಮ ಈ ಬಿಕ್ಕಟ್ಟನ್ನು ಶಾಂತವಾಗಿ ಬಗೆಹರಿಸುವುದು ಹೇಗೆ ಎಂದು ಒಂದು ಯೋಜನೆ ಬರೆದಳು. ತಮ್ಮ ವಿಷಯ ಯೂನಿವರ್ಸಿಟಿಯವರೆಗೂ ಹೋಗಿದೆ ಎಂದು ಆಕೆಗೆ ಹೇಗೋ ತಿಳಿದು, ಜಗಳಕ್ಕೆ ಬಂದವರು, ಓದಿಸಿಕೊಂಡು ಕೇಳಿದ ಮೇಲೆ ಖುಷಿಯಾಗಿ ಕಾಫಿ ಕುಡಿದು ಹೋದರು. ಅವರನ್ನು ಅದರಲ್ಲಿ ಉದ್ದಕ್ಕೂ ಗೌರವಾನ್ವಿತ ನೆರೆಯವರು ಎಂದು ಕರೆದಿತ್ತು. ಮಾರನೆಯ ವಾರ ಕೊಂಬೆ ಕಡಿಸಿದರು. ಕಡಿಸಿದ್ದನ್ನೂ ಬರೆದುಕೊಳ್ಳಬೇಕೆಂದು ಹೇಳಿ ಕಳಿಸಿದರು.

ಹೀಗೆ ಎಲ್ಲ ನಗುತ್ತಾ ನಡೆಯುತ್ತಿತ್ತು, ರೇಡಿಯೋ ಒಂದನ್ನು ಬಿಟ್ಟು.

ರೇಡಿಯೋ ಪಾಠಕ್ಕೆ ಪ್ರತಿಯೊಬ್ಬರೂ ಒಂದು ಕಾರ್ಯಕ್ರಮ ಮಾಡಿ ಒಪ್ಪಿಸಬೇಕು. ಮೊದಲನೇ ವರ್ಷ ಅದನ್ನು ಒಪ್ಪಿಸುವ ವಾರ ಗುಂಡಣ್ಣನಿಗೆ ಡೆಂಗಿ ಜ್ವರ ಬಂದು, ನಿಮ್ಮ ಅಮ್ಮ ಆಸ್ಪತ್ರೆಯಲ್ಲೇ ಕೂತಿದ್ದಳು. ಉಳಿದ ಪಾಠಗಳೆಲ್ಲ ಪಾಸಾಗಿ ಇದೊಂದು ಬಾಕಿ ಉಳಿಯಿತು. ಎರಡನೇ ವರ್ಷದ್ದು ಕೊನೆಯ ಅವಕಾಶ. ಇದೂ ತಪ್ಪಿದರೆ ಎರಡು ವರ್ಷದ ಓದು ಹೊಳೆಯಲ್ಲಿ ಹೋದ ಹಾಗೆ. ಮತ್ತೆ ಮೊದಲಿನಿಂದ ಸೇರುವ ಮಾತನ್ನು ಅವಳೂ ಆಡಲಿಲ್ಲ, ನಾವೂ ಆಡಲಿಲ್ಲ. ಕಾರ್ಯಕ್ರಮದ ವಿಷಯ, ಹಿರಿಯರೊಬ್ಬರ ನೆನಪು. ಹನ್ನೆರಡು ನಿಮಿಷಕ್ಕೆ ಕಡಿಮೆ ಇರಬಾರದು. ಅವಳು ನಿಮ್ಮ ಅಪ್ಪನ ಅಂಗಡಿಯ ಹತ್ತಿರ ಹೂವು ಮಾರುವ ಒಬ್ಬ ಹಿರಿಯರನ್ನು ಮಾತಾಡಲು ಒಪ್ಪಿಸಿದ್ದಳು. ಮಾತಿಗೆ ಕೂತರೆ ಗಿರಾಕಿಯನ್ನೂ ಮರೆಯುವ ಜನ ಅವರು. ರೆಕಾರ್ಡಿಂಗಿನ ಹಿಂದಿನ ದಿನ ಅವರಿಗೆ ನೆಗಡಿಯಾಗಿ ಗಂಟಲು ಕಟ್ಟಿಕೊಂಡಿತು. ಏನಾದರೂ ಕೇಳಿದರೆ ಗಂಟಲು ತೋರಿಸಿ ಕೈಯಾಡಿಸುತ್ತಿದ್ದರಂತೆ.

ಅವತ್ತು ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದೆ. ನಿಮ್ಮ ಅಮ್ಮ ಎದುರಿಗೆ ಬಂದು ಕೂತು, "ನೀವೇ ಬನ್ನಿ ಅತ್ತೆ" ಎಂದಳು. ನಾನು ಎಲ್ಲಿಗೆ ಎಂದು ಕೂಡ ಕೇಳದೆ ಆಗಲ್ಲ ಕಣವ್ವ ಎಂದುಬಿಟ್ಟೆ. ಅವಳು ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಎರಡನೇ ಸಲವೂ ಆಗಲ್ಲ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಎದ್ದು ಹೋಗಿ ರೂಮಿನಲ್ಲಿ ಪುಸ್ತಕಗಳನ್ನು ಜೋಡಿಸಿ ಹಳೆಯ ಸೀರೆಯಲ್ಲಿ ಕಟ್ಟತೊಡಗಿದಳು. ಸ್ಟೂಲು ತಂದಳು. ಅಟ್ಟದ ಮೇಲೆ ದಸರಾ ಬೊಂಬೆಗಳ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸುವ ಸದ್ದು ಬಂತು. ವರ್ಷಕ್ಕೊಂದು ಸಲ ಇಳಿಯುವ ವಸ್ತುಗಳ ಜಾಗ ಅದು. ಪುಸ್ತಕ ಅಲ್ಲಿಗೆ ಹೋದರೆ ದಸರಾಕ್ಕೂ ಇಳಿಯುವುದಿಲ್ಲ.

ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ. "ಎಷ್ಟೊತ್ತು ಮಾತಾಡ್ಬೇಕು?" ಎಂದೆ.

ಅವಳು ಗಂಟನ್ನು ಅಟ್ಟಕ್ಕೆ ತಳ್ಳಿ, ಸ್ಟೂಲಿನ ಮೇಲಿಂದ ತಿರುಗಿ ನೋಡಿದಳು. "ನೀವು ಮಾತಾಡ್ಬೇಡಿ ಅತ್ತೆ. ನಂಗೆ ಒಂದು ಕಥೆ ಹೇಳಿ, ಸಾಕು."

ಆ ಸಂಜೆಯೇ ಅಡುಗೆಮನೆಯಲ್ಲಿ ಕೂತು, ನಮ್ಮ ಮಾವನವರು ಹಲಸಿನ ಹಣ್ಣು ತೆಗೆದುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಬಂದ ಕಥೆ ಹೇಳಿದೆ. ನಿಮ್ಮ ಅಮ್ಮ ಹಿಟ್ಟು ನಾದುತ್ತಾ ಹೂಂ, ಹೂಂ ಎನ್ನುತ್ತಿದ್ದಳು. ಪುಟ್ಟಿಯೂ ಹೂಂ ಎನ್ನುತ್ತಿದ್ದಳು. ಫೋನಿನಲ್ಲಿ ಹೊತ್ತು ನೋಡಿಕೊಂಡು, ಹದಿನಾಲ್ಕು ನಿಮಿಷ ಅತ್ತೆ, ಇಷ್ಟೇ ಬೇಕಾಗಿರೋದು, ನಾಳೆ ಹೀಗೇ ಹೇಳಿಬಿಡಿ ಎಂದಳು. ನನಗೂ ಧೈರ್ಯ ಬಂತು.

ಮಾರನೆಯ ದಿನ ನಾನು ಇದ್ದುದರಲ್ಲಿ ಒಳ್ಳೆಯದು ಎಂದು ಗಂಜಿ ಹಾಕಿದ ಹತ್ತಿ ಸೀರೆ ಉಟ್ಟುಕೊಂಡು ಹೊರಟೆ. ಯೂನಿವರ್ಸಿಟಿಯ ಮರಗಳ ಕೆಳಗೆ ಓದುವ ಮಕ್ಕಳು ಕೂತಿದ್ದರು, ನಾನು ನೆಲ ನೋಡಿಕೊಂಡು ನಡೆದೆ. ಸ್ಟುಡಿಯೋ ಎಂದರೆ ಏನೋ ಅಂದುಕೊಂಡಿದ್ದೆ. ಕಿಟಕಿಯೇ ಇಲ್ಲದ ಒಂದು ಸಣ್ಣ ಕೋಣೆ, ಗೋಡೆಗೆಲ್ಲ ಹಾಸಿಗೆ ಬಡಿದ ಹಾಗಿತ್ತು. ಮೇಜಿನ ಮೇಲೆ ಮೈಕು, ಅದಕ್ಕೆ ಸೀದುಹೋದ ಬೋಂಡಾದಂಥ ಟೋಪಿ. ಒಂದು ಕಡೆ ದೊಡ್ಡ ಗಾಜು, ಗಾಜಿನ ಆಚೆ ರೇಡಿಯೋ ಪಾಠದ ಮೇಷ್ಟ್ರು ಕೂತಿದ್ದರು. ಅವರು ಬಹಳ ಕಟ್ಟುನಿಟ್ಟು ಎಂದು ನಿಮ್ಮ ಅಮ್ಮ ಮೊದಲೇ ಹೆದರಿಸಿದ್ದಳು. ಒಂದು ಗುಂಡಿ ಒತ್ತಿ ಅವರು ಮಾತಾಡಿದರೆ ನಮ್ಮ ತಲೆಯ ಮೇಲಿನ ಪೆಟ್ಟಿಗೆಯಿಂದ ಧ್ವನಿ ಬರುತ್ತಿತ್ತು.

ನಾನು ಕುರ್ಚಿಯಲ್ಲಿ ಸರಿಯಾಗಿ ಕೂತುಕೊಳ್ಳುತ್ತಿದ್ದಂತೆ ಮೇಲಿಂದ ಧ್ವನಿ ಬಂತು. "ಅಮ್ಮ, ಸ್ವಲ್ಪ ಅಲ್ಲಾಡದೆ ಕೂತ್ಕೋತೀರಾ? ನಿಮ್ಮ ಸೀರೆ ನಿಮಗಿಂತ ಜೋರಾಗಿ ಮಾತಾಡ್ತಿದೆ."

ಗಂಜಿ ಹೆಚ್ಚಾಗಿತ್ತು. ಉಸಿರಾಡಿದರೂ ಸೀರೆ ಚರಚರ ಎನ್ನುತ್ತಿತ್ತು. ನಿಮ್ಮ ಅಮ್ಮ ಹೊರಗೆ ಓಡಿ ಯಾರೋ ಹುಡುಗಿಯ ಹತ್ತಿರ ದಪ್ಪನೆಯ ಒಂದು ಶಾಲು ತಂದು, ನನ್ನ ಕತ್ತಿನಿಂದ ಮೊಣಕಾಲಿನವರೆಗೆ ಸುತ್ತಿಬಿಟ್ಟಳು. ಮೂತಿ ಮಾತ್ರ ಹೊರಗೆ. ಗಾಜಿನಲ್ಲಿ ನನ್ನ ನೆರಳು ನೋಡಿಕೊಂಡರೆ, ನಾನು ಯಾವುದರ ಕಥೆ ಹೇಳಲು ಬಂದಿದ್ದೆನೋ ಅದೇ ಆಗಿ ಕೂತಿದ್ದೆ.

ಕೆಂಪು ದೀಪ ಹತ್ತಿತು. ನಿಮ್ಮ ಅಮ್ಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ಕೂತು, ಹೇಳಿ ಅತ್ತೆ ಎಂದು ಕಣ್ಣಿನಲ್ಲೇ ಹೇಳಿದಳು. ನಾನು ಶುರು ಮಾಡಿದೆ, ನಮ್ಮ ಮಾವನೋರಿಗೆ ಮೈಸೂರಲ್ಲಿ ಮಗಳ ಮನೆ ಇತ್ತು ಎಂದೆ. ಅಷ್ಟು ಹೇಳಿ ನಿಲ್ಲಿಸಿದೆ. ಅವಳು ತಲೆಯಾಡಿಸಿದಳು. ನಾನು ಕಾದೆ. ಅವಳು ಇನ್ನೂ ಜೋರಾಗಿ ತಲೆಯಾಡಿಸಿದಳು. ನಾನು ಇನ್ನೊಂದು ಮಾತು ಹೇಳಿ ಕಾದೆ. ಬಾಯಿ ಬಿಗಿ ಹಿಡಿದುಕೊಂಡು ತಲೆ ಮಾತ್ರ ಆಡಿಸುತ್ತಿದ್ದಾಳೆ. ನನಗೆ ಯಾಕೋ ಬೇಜಾರು ಹತ್ತಿತು. ಇವಳಿಗೆ ಬೇಡವಾದ ಮೇಲೆ ಎಳೆಯುವುದೇಕೆ ಎಂದು, "ಬಸ್ಸಲ್ಲಿ ಹಲಸಿನ ಹಣ್ಣು ತಗಂಡು ಹೋದ್ರು. ವಾಸ್ನೆ ಬಂತು. ಎಲ್ರೂ ತಿಂದ್ರು. ಅಷ್ಟೇಯ" ಎಂದು ಮುಗಿಸಿಬಿಟ್ಟೆ.

 ಇದು ಎರಡು ನಿಮಿಷವೂ ಆಗಲಿಲ್ಲ, ಮತ್ತೊಮ್ಮೆ ಮಾಡೋಣ ಎಂದಿತು ಮೇಲಿನ ಪೆಟ್ಟಿಗೆ.

ಎರಡನೇ ಸಲ ನನಗೆ ಹುರುಪು ಬರಲೆಂದು ನಿಮ್ಮ ಅಮ್ಮ ಕಣ್ಣು ಅಗಲ ಮಾಡಿದಳು, ಹುಬ್ಬು ಹಾರಿಸಿದಳು, ಕೆನ್ನೆ ಹಿಡಿದುಕೊಂಡಳು, ಎರಡು ಕೈಯಲ್ಲೂ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನು ಗಾಬರಿಯಾಗಿ ಕಥೆ ನಿಲ್ಲಿಸಿ, ಯಾಕವ್ವ, ಹಲ್ಲುನೋವಾ ಎಂದು ಕೇಳಿದೆ. ಅದೂ ರೆಕಾರ್ಡ್ ಆಯಿತು. ಅಲ್ಲಿಗೆ ಅದೂ ಕೆಟ್ಟಿತು. ಇನ್ನು ಅರ್ಧ ಗಂಟೆಗೆ ಬೇರೆ ಮಕ್ಕಳು ಸ್ಟುಡಿಯೋಕ್ಕೆ ಬರುವವರಿದ್ದರು. ನಿಮ್ಮ ಅಮ್ಮ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು, ಮೈಕಿನ ಟೋಪಿಯನ್ನೇ ನೋಡುತ್ತಾ ಕೂತಳು. ಅಳುವವಳಲ್ಲ ಅವಳು. ಮೂಗು ಮಾತ್ರ ಕೆಂಪಾಗಿತ್ತು.

ನನಗೆ ಸುಮ್ಮನಿರಲು ಆಗಲಿಲ್ಲ. ಗಾಜಿನ ಆಚೆ ಮೇಷ್ಟ್ರಿದ್ದಾರೆ ಎಂಬುದನ್ನೂ ಮರೆತು ಹೇಳಿದೆ. "ನೀನು ಹೂಂ ಅಂತಾನೇ ಇಲ್ವಲ್ಲ ಕಣವ್ವ. ನಾನು ಯಾರಿಗೆ ಹೇಳ್ಲಿ?"

ಅವಳು ತಲೆಯೆತ್ತಿ ನೋಡಿದಳು. ಅವರ ಪಾಠದ ಮೊದಲನೇ ನಿಯಮವೇ ಅದಂತೆ. ಮಾತಾಡಿಸುವವರು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಹೂಂ, ಹಾಂ, ಹೌದಾ ಎಂದು ಸದ್ದು ಮಾಡಿದರೆ ಕೇಳುವವರಿಗೆ ಕಿರಿಕಿರಿ, ಮಾರ್ಕ್ಸ್ ಕಡಿತ. ತಲೆಯಾಡಿಸಬಹುದು, ನಗುಮುಖ ಮಾಡಬಹುದು. ಅವಳು ವರ್ಷವೆಲ್ಲ ಕಷ್ಟಪಟ್ಟು ಕಲಿತದ್ದೇ ಸುಮ್ಮನಿರುವುದನ್ನು.

ನಮ್ಮ ಕಡೆಯ ನಿಯಮ ಬೇರೆ. ಹಳ್ಳಿಯಲ್ಲಿ ಕಥೆ ಹೇಳುತ್ತಿದ್ದುದು ದೀಪ ಆರಿಸಿ ಮಲಗಿದ ಮೇಲೆ. ಕತ್ತಲೆಯಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ? ಕೇಳುವವರು ಹೂಂಗುಟ್ಟಬೇಕು. ಹೂಂ ಬರುವವರೆಗೆ ಕಥೆ ಮುಂದಕ್ಕೆ ಹೋಗುತ್ತದೆ, ಹೂಂ ನಿಂತರೆ ಮಕ್ಕಳು ನಿದ್ದೆ ಹೋದರು ಎಂದು ಅರ್ಥ, ಕಥೆಯನ್ನು ಅಲ್ಲೇ ನಿಲ್ಲಿಸಬೇಕು. ನಮ್ಮಜ್ಜಿ ನನಗೆ ಹಾಗೆ ಹೇಳಿದ್ದು, ನಾನು ನಿಮ್ಮ ಅಪ್ಪನಿಗೆ ಹಾಗೆ ಹೇಳಿದ್ದು. ನಿಮ್ಮ ತಾತನಂತೂ ಹೂಂ ಎನ್ನುವುದರಲ್ಲಿ ಪಳಗಿದ್ದವರು. ಅವರ ಮಾತೆಂದರೆ ಬಹುಪಾಲು ಅದೇ. ಒಪ್ಪಿಗೆಯ ಹೂಂ ಬೇರೆ, ಇದು ನನಗೆ ಆಗಲೇ ಗೊತ್ತು ಎನ್ನುವ ಹೂಂ ಬೇರೆ, ನಿದ್ದೆ ಬಂದಿದೆ ಆದರೂ ನೀನು ಹೇಳು ಎನ್ನುವುದು ಇನ್ನೊಂದು. ದಿನದಲ್ಲಿ ನಡೆದದ್ದನ್ನೆಲ್ಲ ನಾನು ಹೇಳುವುದು, ಅವರು ಹೂಂ ಎನ್ನುವುದು, ಹೀಗೇ ನಮ್ಮ ಸಂಸಾರ ನಡೆದಿತ್ತು. ಅವರು ಹೋದ ಮೇಲೆ ನಾನು ಸಂಜೆಯ ಹೊತ್ತು ಯಾರಿಗೂ ಏನೂ ಹೇಳುವುದನ್ನು ಬಿಟ್ಟಿದ್ದೆ ಎಂಬುದು, ಹಾಸಿಗೆ ಬಡಿದ ಗೋಡೆಗಳ ಆ ಕೋಣೆಯಲ್ಲಿ ನನಗೆ ಥಟ್ಟನೆ ಹೊಳೆಯಿತು.

ಇದರಲ್ಲಿ ಅರ್ಧವನ್ನು ನಾನು ಬಾಯಿಬಿಟ್ಟು ಹೇಳಿದೆ ಅಂತ ಕಾಣುತ್ತದೆ. ನಿಮ್ಮ ಅಮ್ಮ ಗಾಜಿನ ಕಡೆಗೆ ತಿರುಗಿ, ಹೂಂ ಎನ್ನಬಹುದಾ ಸಾರ್ ಎಂದು ಕೇಳಿದಳು. ನಿಯಮ ನಿಯಮವೇ, ಒಂದೊಂದು ಹೂಂಗೂ ಮಾರ್ಕ್ಸ್ ಹೋಗುತ್ತದೆ, ಪಾಸಾಗುವಷ್ಟು ಉಳಿಯದಿದ್ದರೆ ಆಮೇಲೆ ನನ್ನನ್ನು ಕೇಳಬೇಡಿ, ನಿಮ್ಮ ಕಾರ್ಯಕ್ರಮ, ನಿಮ್ಮ ತೀರ್ಮಾನ ಎಂದು ಮೇಲಿಂದ ಉತ್ತರ ಬಂತು.   ಸುಮ್ಮನಿದ್ದರೆ ಕಥೆ ಎರಡು ನಿಮಿಷ, ಹೂಂ ಎಂದರೆ ಮಾರ್ಕ್ಸ್ ಇಲ್ಲ. ಎರಡೂ ಕಡೆ ಅಟ್ಟವೇ ಕಾಣುತ್ತಿತ್ತು. ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಳ್ಳದೆಯೇ, "ಹೇಳಿ ಅತ್ತೆ, ನಿಮ್ ಮಾವನೋರು ಹಣ್ಣು ತಗಂಡ್ರು, ಹೂಂ?" ಎಂದಳು.

ಅವಳು ಹಾಗೆಂದಿದ್ದೇ ತಡ, ಕಥೆ ತಾನಾಗಿ ಹೊರಟಿತು.

ನಿಮಗೂ ಹೇಳಬೇಕಲ್ಲ. ನಮ್ಮ ಮಾವನವರು ಹಿತ್ತಲಿನ ಮರದ ದೊಡ್ಡ ಹಲಸಿನ ಹಣ್ಣೊಂದನ್ನು ಮಗಳ ಮನೆಗೆಂದು ಇಳಿಸಿದರು. ಅದನ್ನು ಬಸ್ಸಿನಲ್ಲಿ ತಂದರೆ ಲಗ್ಗೇಜು ಚಾರ್ಜು ಕೇಳುತ್ತಾರೆ. ನನ್ನ ಮರದ ಹಣ್ಣು, ನನ್ನ ತೊಡೆ, ಕಂಡಕ್ಟರಿಗೇನು ಕಷ್ಟ ಎಂಬುದು ಅವರ ವಾದ. ಹಣ್ಣನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಿಟಕಿಯ ಪಕ್ಕ ಕೂತರು. ಕಂಡಕ್ಟರು ಬಂದು ಏನದು ಎಂದ. ಮೊಮ್ಮಗು, ಜ್ವರ, ಮಲಗಿದೆ ಎಂದರು. ಪಕ್ಕದಲ್ಲಿದ್ದ ಹೆಂಗಸರು ಅಯ್ಯೋ ಪಾಪ ಎಂದು ಮದ್ದು ಹೇಳತೊಡಗಿದರು. ಒಬ್ಬರು ಜೀರಿಗೆ ಕಷಾಯ ಎಂದರು, ಒಬ್ಬರು ದೃಷ್ಟಿ ತೆಗೆಯಿರಿ ಎಂದರು. ಮಾವನವರು ಎಲ್ಲದಕ್ಕೂ ತಲೆಯಾಡಿಸುತ್ತಾ ಹಣ್ಣಿನ ಬೆನ್ನು ತಟ್ಟುತ್ತಿದ್ದರು. ಕಂಡಕ್ಟರಿಗೆ ಮಾತ್ರ ಅನುಮಾನ. ಮಗು ಅಳುವುದಿಲ್ಲ, ಕಾಲು ಒದೆಯುವುದಿಲ್ಲ. ಜ್ವರ ಎಷ್ಟಿದೆ ನೋಡುತ್ತೇನೆ ಎಂದು ಅವನು ಕಂಬಳಿಯೊಳಗೆ ಕೈ ಹಾಕಿದ.

ಇಲ್ಲಿ ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಹೂಂ ಬರಬೇಕಾದ ಜಾಗ ಅದು. ನಿಮ್ಮ ಅಮ್ಮನಿಗೆ ಹಿಂದಿನ ಸಂಜೆ ಕೇಳಿದ್ದ ಮುಂದಿನ ಮಾತು ನೆನಪಾಗಿ ನಗು ಒತ್ತಿಬಂದಿತ್ತು. ನನ್ನ ಶಾಲಿನ ತುದಿಯನ್ನೇ ಬಾಯಿಗೆ ತುರುಕಿಕೊಂಡು ಮೇಜಿನ ಮೇಲೆ ಬಗ್ಗಿಬಿಟ್ಟಿದ್ದಳು. ನಾನು ಕಾದೆ. ಕೆಂಪು ದೀಪ ಉರಿಯುತ್ತಿತ್ತು. ಹೂಂ ಇಲ್ಲದೆ ಮುಂದಕ್ಕೆ ಹೋಗುವುದು ನನ್ನಿಂದಾಗದು. ಇನ್ನೇನು ಅಷ್ಟೇಯ ಎನ್ನಬೇಕು, ಅಷ್ಟರಲ್ಲಿ ತಲೆಯ ಮೇಲಿನ ಪೆಟ್ಟಿಗೆ ಮಾತಾಡಿತು.

"ಹೂಂ. ಹೂಂ, ಆಮೇಲೆ?"

ಗಾಜಿನ ಆಚೆ ನೋಡಿದರೆ ಮೇಷ್ಟ್ರು ಗುಂಡಿ ಒತ್ತಿದ ಬೆರಳನ್ನು ಹಾಗೇ ಇಟ್ಟುಕೊಂಡು, ಎದೆಯ ಮೇಲೆ ಗದ್ದ ಊರಿ ಕೂತಿದ್ದರು. ಅವರಿಗೂ ಚಿಕ್ಕಂದಿನಲ್ಲಿ ಯಾರೋ ಕತ್ತಲೆಯಲ್ಲಿ ಕಥೆ ಹೇಳಿದ್ದಿರಬೇಕು. ತಾವು ಮಾತಾಡಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ನಾನು ನಿಮ್ಮ ಅಮ್ಮನನ್ನು ಬಿಟ್ಟು ನೇರವಾಗಿ ಅವರಿಗೇ ಹೇಳಿದೆ. ಪರಗಂಡಸರ ಜೊತೆ ಅಷ್ಟು ಉದ್ದ ಮಾತಾಡಿದ್ದು ನನ್ನ ಜನ್ಮದಲ್ಲೇ ಮೊದಲು.

ಕಂಬಳಿಯೊಳಗೆ ಕೈ ಹಾಕಿದ ಕಂಡಕ್ಟರಿಗೆ ಕೈಗೆ ಸಿಕ್ಕಿದ್ದೆಲ್ಲ ಗುಳ್ಳೆ ಗುಳ್ಳೆ. ಮೈಮೇಲೆ ಗುಳ್ಳೆ ಏಳುವ ಕಾಯಿಲೆಗೆ ನಮ್ಮ ಕಡೆ ಅಮ್ಮ ಆಗುವುದು ಎನ್ನುತ್ತಾರೆ, ಮುಟ್ಟಿದರೆ ಅಂಟಿಕೊಳ್ಳುತ್ತದೆ. ಅವನು ಕೈ ಕಿತ್ತುಕೊಂಡು, ಮಗೂಗೆ ಅಮ್ಮ ಆಗೈತೆ ಕಣ್ರಪ್ಪೋ ಎಂದು ಹಿಂದಕ್ಕೆ ಹಾರಿದ. ಅಕ್ಕಪಕ್ಕದ ಸೀಟುಗಳೆಲ್ಲ ಖಾಲಿ. ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿದು ಬೇವಿನ ಸೊಪ್ಪು ಮುರಿದು ತಂದು ಕಿಟಕಿಗೆ ಸಿಕ್ಕಿಸಿದರು. ಮಾವನವರು ಮೂರು ಜನರ ಸೀಟಿನಲ್ಲಿ ಒಬ್ಬರೇ ಕಾಲು ಚಾಚಿ ಕೂತು ಬಂದರು. ಇಲವಾಲ ದಾಟುತ್ತಿದ್ದಂತೆ ಬಿಸಿಲಿಗೆ, ಕಂಬಳಿಯ ಕಾವಿಗೆ ಹಣ್ಣು ಮಾಗಿ ಬಸ್ಸೆಲ್ಲ ಘಮ್ಮೆಂದಿತು. ಕಂಡಕ್ಟರು ದೂರದಿಂದಲೇ ಮೂಗರಳಿಸಿ, "ಯಜಮಾನ್ರೇ, ಅಮ್ಮ ಆದ ಮಗೂಗೆ ಹಲಸಿನ ಹಣ್ಣಿನ ವಾಸ್ನೆ ಯಾಕ್ರೀ ಬತ್ತದೆ?" ಎಂದ. ಮಾವನವರು ಗಾಬರಿಯಾಗದೆ, ಅದರಮ್ಮ ಬಸುರಿಯಾಗಿದ್ದಾಗ ಬಹಳ ತಿಂದಿದ್ದಳು ಎಂದರು. ಅದನ್ನು ಯಾರೂ ನಂಬದೆ ಕಂಬಳಿ ಬಿಚ್ಚಿಸಿದರು. ಮೈಸೂರು ಬರುವಷ್ಟರಲ್ಲಿ ಬಸ್ಸಿನವರೆಲ್ಲ ಸೇರಿ ಮಗುವನ್ನು ತಿಂದು ಮುಗಿಸಿದ್ದರು. ಡ್ರೈವರಿಗೂ ತೊಳೆ ಹೋಯಿತು. ಮಗಳ ಮನೆಗೆ ತಲುಪಿದ್ದು ಕಂಬಳಿ ಮತ್ತು ಬೀಜ. ನಮ್ಮ ನಾದಿನಿ ಆ ಬೀಜದಲ್ಲೇ ಹುಳಿ ಮಾಡಿ ಅಪ್ಪನಿಗೆ ಬಡಿಸಿದರಂತೆ.

ಕೆಂಪು ದೀಪ ಆರಿತು. ಹದಿನೈದು ನಿಮಿಷ ಆಗಿತ್ತು.

ಮೇಷ್ಟ್ರಿಗೆ ತಮ್ಮ ಹೂಂ ನೆನಪಾದದ್ದು ಅದನ್ನು ತಿರುಗಿಸಿ ಹಾಕಿ ಕೇಳಿದಾಗ. ಗಾಜಿನ ಆಚೆ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿಕೊಂಡರು. ಬೇರೆ ಮಕ್ಕಳು ಬಾಗಿಲು ತಟ್ಟುತ್ತಿದ್ದರು, ಇನ್ನೊಂದು ಸಲ ಮಾಡಲು ಹೊತ್ತಿರಲಿಲ್ಲ. ಆ ಹೂಂ ಕತ್ತರಿಸಿದರೆ ಅಲ್ಲಿ ಕಥೆ ಗುಂಡಿ ಬಿದ್ದ ಹಾಗಾಗುತ್ತದೆ. ಇದ್ದುದನ್ನು ಇದ್ದ ಹಾಗೇ ಒಪ್ಪಿಸಿಬಿಡಿ ಎಂದು ಸಣ್ಣ ಧ್ವನಿಯಲ್ಲಿ ಹೇಳಿದರು.

ಪರೀಕ್ಷೆಗೆ ಹೊರಗಿನಿಂದ ಬಂದವರು ಅದನ್ನು ಕೇಳಿ, ನಡುವೆ ಬರುವ ಗಂಡಸಿನ ಧ್ವನಿ ಯಾರದು ಎಂದರಂತೆ. ಮೇಷ್ಟ್ರು, "ಅದು ಕೇಳುಗರು" ಎಂದರಂತೆ. ತಮ್ಮ ಹೂಂಗೆ ಮಾರ್ಕ್ಸ್ ಕಡಿಯದೆ ಇವಳ ಹೂಂಗಳಿಗೆ ಮಾತ್ರ ಕಡಿಯುವುದು ಅವರಿಗೆ ಸರಿಕಾಣಲಿಲ್ಲವೋ ಏನೋ, ಸ್ವಲ್ಪ ಮಾತ್ರ ಕಡಿದರು. ನಿಮ್ಮ ಅಮ್ಮ ಪಾಸಾದಳು. ಅಂಕಪಟ್ಟಿ ತಂದ ದಿನ ಅಟ್ಟದ ಮೇಲೆ ಏ‍ರಿದ್ದ ಗಂಟನ್ನು ನಾನೇ ಸ್ಟೂಲು ಹಿಡಿದುಕೊಂಡು ಅವಳ ಕೈಯಿಂದ ಇಳಿಸಿಕೊಂಡೆ. ಆ ಓದಿನಿಂದಲೇ ಅವಳಿಗೆ ಈಗಿನ ಕೆಲಸ ಸಿಕ್ಕಿದ್ದು ನಿಮಗೆ ಗೊತ್ತು.

ಆ ಕಥೆಯನ್ನು ಅವರ ಯೂನಿವರ್ಸಿಟಿಯ ರೇಡಿಯೋದಲ್ಲಿ ಒಂದು ಸಂಜೆ ಹಾಕಿದರು. ನಿಮ್ಮ ಅಪ್ಪ ಅಂಗಡಿ ಬೇಗ ಮುಚ್ಚಿ ಬಂದ. ಫೋನಿನಲ್ಲಿ ಆ ಸ್ಟೇಷನ್ನು ಹಿಡಿದು ಮೇಜಿನ ಮೇಲಿಟ್ಟರು. ಪಕ್ಕದ ಮನೆಯಾಕೆ ತಮ್ಮ ಯಜಮಾನರನ್ನೂ ಕರೆದುಕೊಂಡು ಬಂದು ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ, ಅದು ಬೇರೆ ಹೇಳಬೇಕಾಗಿಲ್ಲ. ಕಂಡಕ್ಟರು ಕಂಬಳಿಯೊಳಗೆ ಕೈ ಹಾಕಿದ ಜಾಗಕ್ಕೆ ಬಂದಾಗ ನನ್ನ ಧ್ವನಿ ನಿಂತಿತು. ಮೇಷ್ಟ್ರ ಹೂಂ ಬರುವುದಕ್ಕೆ ಮೊದಲೇ ಹಜಾರದಲ್ಲಿ ಕೂತವರೆಲ್ಲ ಹೂಂ ಎಂದರು. ಪುಟ್ಟಿ, ನಿನಗೆ ನೆನಪಿಲ್ಲ, ನೀನೇ ಎಲ್ಲರಿಗಿಂತ ಜೋರಾಗಿ ಹೂಂ ಎಂದೆ. ಆದರೆ ಅದರ ನಡುವೆ ನಿಮ್ಮ ಅಪ್ಪನ ಹೂಂ ನನಗೆ ಬೇರೆಯಾಗಿ ಕೇಳಿಸಿತು. ನಿಮ್ಮ ತಾತನದೇ ಹೂಂ ಅದು, ಕಥೆ ಆಗಲೇ ಗೊತ್ತು ಆದರೂ ನೀನು ಹೇಳು ಎನ್ನುವಂಥದು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದು ಕುರ್ಚಿಯ ಮೇಲೆ ಕೂತೆ. ಪಕ್ಕದ ಮನೆಯಾಕೆ, "ಅಲ್ರೀ, ಇಷ್ಟು ಮಾತು ಇಟ್ಕಂಡು ನಮ್ ಕಂಬಳಿಹುಳದ ವಿಷ್ಯ ಯಾಕ್ರೀ ನೀವೇ ಬಾಯ್ಬಿಟ್ಟು ಹೇಳ್ಲಿಲ್ಲ?" ಎಂದರು.  ಈ ಸಲ ನಾನು ಎದ್ದು ಒಳಗೆ ಹೋಗಲಿಲ್ಲ.

ಅವತ್ತಿನಿಂದ ನಿಮ್ಮ ಅಮ್ಮ ಸಂಜೆ ತರಕಾರಿ ಹೆಚ್ಚುವಾಗ ನನ್ನ ಎದುರಿಗೆ ಬಂದು ಕೂರುತ್ತಾಳೆ, ನೀವು ನೋಡಿದ್ದೀರಿ. ಹೂಂ, ಆಮೇಲೆ ಎನ್ನುತ್ತಾಳೆ. ಕೆಲಸದಿಂದ ಸುಸ್ತಾಗಿ ಬಂದ ದಿನ ಅವಳು ಹೇಳುತ್ತಾಳೆ, ನಾನು ಹೂಂ ಎನ್ನುತ್ತೇನೆ.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಅಮ್ಮನ ಪುಸ್ತಕಗಳ ನಡುವೆ ಕೈಗೆ ಸಿಗುವ ಹಾಗೆ ಇಡಿ. ಅಟ್ಟಕ್ಕೆ ಮಾತ್ರ ಹಾಕಬೇಡಿ. ಓದಬೇಕೆನಿಸಿದಾಗ ಪುಟ್ಟಿ ಗಟ್ಟಿಯಾಗಿ ಓದಲಿ, ಗುಂಡಣ್ಣ ಹೂಂ ಎನ್ನಲಿ. ನಾನು ಒಳಗೆ ಉಪ್ಪಿನಕಾಯಿ ಹುಡುಕುತ್ತಿರುತ್ತೇನೆ, ಅಲ್ಲಿಗೆ ಕೇಳಿಸುವಷ್ಟು ಜೋರಾಗಿ ಹೂಂ ಎಂದರೆ ಸಾಕು. ಹಾಳೆ ನೆನೆಯದಂತೆ, ಕಳೆಯದಂತೆ ಜೋಪಾನ ಮಾಡಿ.